ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಮೇಲಧಿಕಾರಿಗಿಂತ ನಿಧಾನವಾದ ಬಗ್ಗೆ

(ಹೆಸರು ಬರೆಯಲು ಮೇಲಿನಿಂದ ಅನುಮತಿ ಬಾರದ) ಇಲಾಖೆ
ತಾಲೂಕು ಮಟ್ಟದ ಕಚೇರಿ, ಸಿದ್ದಾಪುರ (ಉ.ಕ.)

ಸಂಖ್ಯೆ: ಸಿಬ್ಬಂದಿ/ನಿಧಾನ/ಸೈಕಲ್/01/98-99
ದಿನಾಂಕ: 18-01-1999

ಸುತ್ತೋಲೆ

ವಿಷಯ: ಇದೇ 23 ಮತ್ತು 24ರಂದು ಶಾಲಾ ಮೈದಾನದಲ್ಲಿ ನಡೆಯುವ ವಾರ್ಷಿಕ ಊರ ಹಬ್ಬದಲ್ಲಿ ಸಿಬ್ಬಂದಿಯು ಕಾಯ್ದುಕೊಳ್ಳಬೇಕಾದ ವೇಗದ ಕುರಿತು.

ಉಲ್ಲೇಖ:
1) ಕಳೆದ ಸಾಲಿನ ಊರ ಹಬ್ಬದಲ್ಲಿ ನಡೆದ ಘಟನೆ.
2) ಸದರಿ ಘಟನೆ ನಡೆದೇ ಇಲ್ಲವೆಂದು ಈ ಕಚೇರಿಯಿಂದ ಬರೆದ ಪತ್ರ.
3) ನಡೆದಿದೆ ಎಂದು ಹಬ್ಬದ ಸಮಿತಿಯಿಂದ ಬಂದ ಫೋಟೋ.

ಪ್ರಸ್ತಾವನೆ:

ಊರ ಹಬ್ಬವು ದೇವರದ್ದಲ್ಲ, ಊರಿನವರದ್ದು. ಶನಿವಾರ ರಂಗೋಲಿ, ಉಪ್ಪಿನಕಾಯಿ ಸ್ಪರ್ಧೆ, ಅರವತ್ತು ದಾಟಿದವರ ಹಗ್ಗಜಗ್ಗಾಟ. ರವಿವಾರ ಛದ್ಮವೇಷ ಮತ್ತು ಸಾಕುನಾಯಿಗಳ ಮೆರವಣಿಗೆ. ಎಲ್ಲಕ್ಕಿಂತ ಹೆಚ್ಚು ಜನ ಸೇರುವುದು ಶನಿವಾರ ಸಂಜೆ ನಾಲ್ಕರ ನಿಧಾನ ಸೈಕಲ್ ಸ್ಪರ್ಧೆಗೆ. ಕಾಲು ನೆಲಕ್ಕೆ ತಾಗಬಾರದು, ಪಕ್ಕದ ಗೆರೆ ದಾಟಬಾರದು, ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದವನೇ ಗೆದ್ದವನು.

ಈ ಸ್ಪರ್ಧೆಯಲ್ಲಿ ಕಚೇರಿಯ ಮುಖ್ಯಸ್ಥರಾದ ಶ್ರೀ ಮಧುಕೇಶ್ವರ ಅವರು ಸತತ ನಾಲ್ಕು ವರ್ಷ ಗೆದ್ದಿರುತ್ತಾರೆ. ನಿಧಾನದ ವಿಷಯದಲ್ಲಿ ಇಲಾಖೆಗಿರುವ ಅನುಭವವನ್ನು ಪರಿಗಣಿಸಿದಲ್ಲಿ ಇದರಲ್ಲಿ ಆಶ್ಚರ್ಯವೇನೂ ಕಂಡುಬರುವುದಿಲ್ಲ. ಅವರ ಜತೆ ಸ್ಪರ್ಧಿಸುವ ಸಿಬ್ಬಂದಿಯು ಹತ್ತು ಮೀಟರಿನೊಳಗೆ ಕಾಲೂರುವ ಶಿಸ್ತನ್ನು ಯಾರೂ ಹೇಳದೆಯೇ ರೂಢಿಸಿಕೊಂಡಿದ್ದರು.

ಕೋಲಸಿರ್ಸಿಯ ಕೆರಿಯ ಎಂಬಾತ ಈ ಕಚೇರಿಯಲ್ಲಿ ಹನ್ನೊಂದು ವರ್ಷ ದಿನಗೂಲಿ ಜವಾನನಾಗಿದ್ದ. ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಟಪಾಲು ಹಂಚಿ, ಉಳಿದ ಹೊತ್ತು ಮುಖ್ಯಸ್ಥರ ಸಹಿಗಾಗಿ ಕಿಟಕಿಯ ಹೊರಗೆ ಕಾಯುವುದು ಅವನ ಕೆಲಸ. ಬೇಸರ ಕಳೆಯಲೆಂದು ಅವನು ಅಂಗಳದಲ್ಲಿ ಸೈಕಲ್ಲಿನ ಮೇಲೆಯೇ, ಕಾಲು ಕೆಳಗಿಡದೆ, ಹ್ಯಾಂಡಲನ್ನು ಅತ್ತಿತ್ತ ಸಣ್ಣಗೆ ಆಡಿಸುತ್ತ ನಿಲ್ಲುವುದನ್ನು ಕಲಿತ. ಮೊದಲ ವರ್ಷ ಒಂದು ನಿಮಿಷ ನಿಲ್ಲುತ್ತಿದ್ದ. ಸಹಿಗಳು ತಡವಾದಂತೆಲ್ಲ ಅವನ ಸಾಮರ್ಥ್ಯವೂ ಬೆಳೆಯಿತು. ಆದ್ದರಿಂದ ಇದನ್ನು ಇಲಾಖೆಯ ವತಿಯಿಂದ ನೀಡಲಾದ ತರಬೇತಿ ಎಂದೇ ಭಾವಿಸತಕ್ಕದ್ದು.

ಹಬ್ಬದ ಸಮಿತಿಯ ಕಾರ್ಯದರ್ಶಿ, ಶಿಕ್ಷಕಿ ಶ್ರೀಮತಿ ಪರಿಮಳಾ ಅವರು ಒಂದು ದಿನ ರಸ್ತೆಯಿಂದ ಇದನ್ನು ಕಂಡರು. ಕೆರಿಯನನ್ನು ಕೇಳದೆಯೇ ಅವನ ಹೆಸರನ್ನು ಸ್ಪರ್ಧಿಗಳ ಯಾದಿಗೆ ಸೇರಿಸಿದರು.

ದಿನಾಂಕ 24-01-1998ರಂದು ಒಂಬತ್ತು ಸ್ಪರ್ಧಿಗಳ ಪೈಕಿ ಏಳು ಜನ ಎರಡು ನಿಮಿಷದಲ್ಲಿ ಕಾಲೂರಿದರು. ಉಳಿದವರು ಇಬ್ಬರು. ಮುಖ್ಯಸ್ಥರು ಇಂಚಿಂಚಾಗಿ ಸಾಗುತ್ತಿದ್ದರು. ಕೆರಿಯ ಸಾಗುತ್ತಲೇ ಇರಲಿಲ್ಲ. ಹಗ್ಗದ ಆಚೆಯಿಂದ ಹೆಡ್ ಕ್ಲರ್ಕ್ ಶ್ರೀ ಗಣಪ ಅವರು ಮುಂದೆ ಹೋಗುವಂತೆ ಅವನಿಗೆ ಕೈಸನ್ನೆ ಮಾಡಿದರು, ಆಮೇಲೆ ಕೆಮ್ಮಿದರು, ಆಮೇಲೆ ಕರವಸ್ತ್ರ ಬೀಸಿದರು. ಕೆರಿಯ ನೋಡಿದ. ಮುಂದೆ ಹೋದರೆ ಸೋಮವಾರವು ಎಂದಿನ ಸೋಮವಾರವೇ ಆಗಿರುತ್ತದೆಂದು ಅವನಿಗೆ ಗೊತ್ತಿತ್ತು. ತನ್ನನ್ನು ಖಾಯಂ ಮಾಡುವ ಕಡತ ಯಾರ ಮೇಜಿನ ಮೇಲಿದೆ ಎಂಬುದೂ ಗೊತ್ತಿತ್ತು. ಪೆಡಲು ಒತ್ತಿಬಿಡೋಣವೆಂದು ಒಮ್ಮೆ ಅನಿಸಿತು ಕೂಡ. ಅಷ್ಟರಲ್ಲಿ ಜನರ ನಡುವೆ ಅವನ ಹೆಂಡತಿ ಮಾಸ್ತಿ ಕಂಡಳು. ತುದಿಗಾಲಲ್ಲಿ ನಿಂತು, ಸೆರಗನ್ನು ಬಾಯಿಗೊತ್ತಿಕೊಂಡು, ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು. ಕೆರಿಯ ಪೆಡಲು ಒತ್ತಲಿಲ್ಲ. ಮುಖ್ಯಸ್ಥರ ಮುಂದಿನ ಚಕ್ರ ಗೆರೆ ದಾಟಿತು.

ಪ್ರಕರಣವು ಅಲ್ಲಿಗೆ ಮುಗಿದಿದ್ದರೆ ಕ್ಷಮಿಸಬಹುದಿತ್ತು. ಆದರೆ ಗೆದ್ದ ಮೇಲೂ ಕೆರಿಯ ಇಳಿಯಲಿಲ್ಲ. ಗುರಿ ಮುಟ್ಟದೆ ಬಹುಮಾನ ಕೊಡುವಂತಿಲ್ಲವೆಂದು ಪರಿಮಳಾ ಅವರು ಮೈಕಿನಲ್ಲಿ ತಿಳಿಸಿದರು. ಕೊಡಲೆಂದು ಎದ್ದ ಅತಿಥಿಗಳು ನಿಂತೇ ಇದ್ದರು. ಮುಖ್ಯಸ್ಥರೂ ನಿಂತೇ ಇದ್ದರು. ಚಹಾ ಆರಿತು. ಪೂರಾ ಆರು ನಿಮಿಷದ ನಂತರ ಕೆರಿಯ ಯಾವ ಗಡಿಬಿಡಿಯೂ ಇಲ್ಲದೆ ಗೆರೆ ದಾಟಿದ.

ಮೇಲಧಿಕಾರಿಗಳನ್ನು ಕಾಯಿಸಿದ್ದರ ಕಾರಣವನ್ನು ವಿಚಾರಣೆಯಲ್ಲಿ ಕೇಳಲಾಗಿ, ಅವನು ಕೊಟ್ಟ ಹೇಳಿಕೆಯನ್ನು ಯಥಾವತ್ತಾಗಿ ನಮೂದಿಸಿದೆ: "ಹನ್ನೊಂದು ವರ್ಷ ನಾ ಎಲ್ಲರಿಗೂ ಕಾದೆ ಸಾಹೇಬ್ರೆ. ಅವತ್ತು ಎಲ್ಲರೂ ನಂಗೆ ಕಾಯ್ತಿದ್ರು. ಹೆಂಗಿರ್ತದೆ ಅಂತ ನೋಡ್ದೆ, ಅಷ್ಟೆಯ."

ಈ ಹೇಳಿಕೆಯನ್ನು ಮೂರು ಪ್ರತಿಗಳಲ್ಲಿ ಬರೆದುಕೊಂಡ ಗಣಪ ಅವರು ಯಾರೂ ಕೇಳದ ನಾಲ್ಕನೆಯ ಪ್ರತಿಯೊಂದನ್ನೂ ಬರೆದು ತಮ್ಮ ಜೇಬಿನಲ್ಲಿ ಇಟ್ಟುಕೊಂಡಿರುವುದನ್ನು ಷರಾ ರೂಪದಲ್ಲಿ ದಾಖಲಿಸಿದೆ.

ಜುಲೈ ಒಂದರಿಂದ ಕೆರಿಯನ ಸೇವೆ ಬೇಕಾಗಿಲ್ಲವೆಂದು ತಿಳಿಸಲಾಯಿತು. ಅವನ ಖಾಯಂ ಕಡತವನ್ನು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಒಂದೇ ದಿನದಲ್ಲಿ ವಿಲೇವಾರಿ ಮಾಡಲಾಯಿತು.

ಇಂಥದು ಮರುಕಳಿಸಬಾರದೆಂಬ ದೃಷ್ಟಿಯಿಂದ ಸಮಸ್ತ ಸಿಬ್ಬಂದಿಗೆ ಕೆಳಗಿನಂತೆ ವಿಧಿಸಿದೆ:

1. ಪ್ರತಿಯೊಬ್ಬ ನೌಕರನ ನಿಧಾನವು ಅವನ ಹುದ್ದೆಗೆ ತಕ್ಕುದಾಗಿರಬೇಕು. ಮುಖ್ಯಸ್ಥರು ಅತಿ ನಿಧಾನ, ಹೆಡ್ ಕ್ಲರ್ಕ್ ನಿಧಾನ, ಗುಮಾಸ್ತರು ಸಾಧಾರಣ, ಜವಾನರು ಓಟ.

2. ಮೇಲಧಿಕಾರಿಗಿಂತ ಹಿಂದೆ ಉಳಿಯಬಯಸುವವರು ಸ್ಪರ್ಧೆಯ ನಡುವೆಯೇ ಲಿಖಿತ ಅನುಮತಿ ಕೋರತಕ್ಕದ್ದು. ಅರ್ಜಿಯ ವಿಲೇವಾರಿಗೆ ತೊಂಬತ್ತು ದಿನಗಳ ಕಾಲಾವಕಾಶವಿರುತ್ತದೆ. ಅಲ್ಲಿಯವರೆಗೆ ಅರ್ಜಿದಾರರು ಸೈಕಲ್ ಮೇಲೆಯೇ ಇರಬೇಕು. ಕಾಲೂರಿದಲ್ಲಿ ಅರ್ಜಿ ತಿರಸ್ಕೃತ.

3. ಕೆಳದರ್ಜೆಯವರು ಗೆದ್ದಾಗ ಚಪ್ಪಾಳೆಗೆ ಅಡ್ಡಿಯಿಲ್ಲ. ಆದರೆ ಒಂದು ಕೈಯನ್ನು ಮಾತ್ರ ಬಳಸತಕ್ಕದ್ದು.

4. ಕಳೆದ ವರ್ಷದ ಸ್ಪರ್ಧೆಯಲ್ಲಿ ಸೋತ ಮುಖ್ಯಸ್ಥರ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಮೇಲ್ಮನವಿ ಇನ್ನೂ ಬಾಕಿಯಿರುವುದರಿಂದ, ಉಳಿದ ಭರಣಿಗಳ ರುಚಿಯನ್ನು ಮುಂದಿನ ಆದೇಶದವರೆಗೆ ತಡೆಹಿಡಿದಿದೆ.

5. ಉಲ್ಲೇಖ (3)ರ ಫೋಟೋದಲ್ಲಿ ಮುಖ್ಯಸ್ಥರು ಸ್ಪಷ್ಟವಾಗಿ ಮುಂದೆ ಇದ್ದಾರೆ. ಆದಕಾರಣ ಅವರೇ ಗೆದ್ದರೆಂದು ಓದಿಕೊಳ್ಳತಕ್ಕದ್ದು.

6. ಬಸ್ ನಿಲ್ದಾಣದ ಬಳಿ ಸೈಕಲ್ ರಿಪೇರಿ ಅಂಗಡಿ ಹಾಕಿಕೊಂಡಿರುವ ಕೆರಿಯನನ್ನು ಈ ವರ್ಷದ ಸ್ಪರ್ಧೆಯ ತೀರ್ಪುಗಾರನೆಂದು ಸಮಿತಿಯು ಆರಿಸಿರುವುದು ಗಮನಕ್ಕೆ ಬಂದಿದೆ. ಕಚೇರಿಯ ಆಕ್ಷೇಪಣಾ ಪತ್ರಕ್ಕೆ ಪರಿಮಳಾ ಅವರು ಒಂದೇ ಸಾಲಿನಲ್ಲಿ, ನಿಮ್ಮ ಪತ್ರ ತಲುಪುವುದು ತಡವಾಯಿತು ಎಂದು ಉತ್ತರಿಸಿದ್ದಾರೆ. ಸುದ್ದಿ ತಿಳಿದ ದಿನದಿಂದ ಮುಖ್ಯಸ್ಥರು ಸೊಂಟನೋವಿನ ನಿಮಿತ್ತ ರಜೆಯಲ್ಲಿರುತ್ತಾರೆ.

7. ಸದರಿ ಶನಿವಾರಕ್ಕೆ ರಜೆ ಕೋರಿ ಹದಿನೇಳು ಅರ್ಜಿಗಳು ಬಂದಿವೆ. ಹದಿನಾರರಲ್ಲಿ ಅಜ್ಜಿ ತೀರಿಕೊಂಡಿದ್ದಾರೆ. ಹೆಡ್ ಕ್ಲರ್ಕರದ್ದರಲ್ಲಿ ಮಾತ್ರ "ಸೈಕಲ್ ಸ್ಪರ್ಧೆ ನೋಡಲು" ಎಂದಿದೆ. ಕಚೇರಿಯ ಒಟ್ಟು ಸಿಬ್ಬಂದಿ, ಮುಖ್ಯಸ್ಥರನ್ನು ಬಿಟ್ಟು, ಹದಿನೇಳು. ಎಲ್ಲವನ್ನೂ ಮಂಜೂರು ಮಾಡಿದೆ.

8. ಜುಲೈಯಿಂದ ಈಚೆಗೆ ಟಪಾಲು ಸರಿಯಾಗಿ ಹಂಚಿಕೆಯಾಗದೆ, ಕೋಲಸಿರ್ಸಿಯ ಕಾಗದಗಳು ಶಿರಸಿಗೂ ಶಿರಸಿಯವು ಎಲ್ಲಿಗೋ ಹೋಗುತ್ತಿರುವುದರಿಂದ, ಕೆರಿಯನನ್ನು ಪುನಃ ದಿನಗೂಲಿಯ ಮೇಲೆ ಕರೆದುತರಲು ದಿನಾಂಕ 11ರಂದು ಗಣಪ ಅವರನ್ನು ಕಳಿಸಲಾಯಿತು. ಅಂಗಡಿಯ ಮುಂದೆ ಮೂರು ಸೈಕಲ್ಲು ಮಗುಚಿಟ್ಟಿದ್ದವು. ಕೆರಿಯ ಅವರಿಗೆ ಕೂರಲು ಹೇಳಿ, ಪಕ್ಕದ ಹೋಟೆಲಿನಿಂದ ಚಹಾ ತರಿಸಿ, ಟ್ಯೂಬಿಗೆ ಪ್ಯಾಚು ಹಚ್ಚುತ್ತಲೇ ಆದೇಶವನ್ನು ಓದಿಸಿಕೊಂಡ. ಗಣಪ ಅವರು ಅವನ ಉತ್ತರಕ್ಕಾಗಿ ಒಂದು ತಾಸು ಕಾದರು. ಕಡೆಗೆ ಕೆರಿಯ ಹೇಳಿದ್ದನ್ನು ವರದಿಯಲ್ಲಿ ಹೀಗೆ ಬರೆದಿದ್ದಾರೆ: "ಬೇಜಾರ್ ಮಾಡ್ಕಳಬೇಡಿ ಗಣಪಣ್ಣ. ಇವೆಲ್ಲ ಹೈಸ್ಕೂಲು ಹುಡುಗೀರ ಸೈಕಲ್ಲು. ಐದು ಗಂಟೆಗೆ ಬರ್ತಾರೆ, ಕತ್ತಲಾಗೂದ್ರೊಳಗೆ ಮನೆ ಸೇರ್ಬೇಕು. ಈಗ ನಾ ತಡ ಮಾಡೂ ಹಂಗಿಲ್ಲ." ಸದರಿಯವರು ಕೆಲಸದಲ್ಲಿದ್ದ ಕಾರಣ ಆದೇಶ ಜಾರಿಯಾಗಲಿಲ್ಲವೆಂದು ಷರಾ ಬರೆದು, ಕಡತವನ್ನು ಮುಕ್ತಾಯಗೊಳಿಸಿದೆ.

ಸಹಿ/-
(ಗಣಪ)
ಹೆಡ್ ಕ್ಲರ್ಕ್
ಮುಖ್ಯಸ್ಥರ ಪರವಾಗಿ, ಅವರ ಸೊಂಟ ಸರಿಯಾಗುವವರೆಗೆ

ಪ್ರತಿಗಳು:
1. ಕಚೇರಿಯ ಸೂಚನಾ ಫಲಕಕ್ಕೆ, ಅದರ ಬೀಗದ ಕೈ ಸಿಕ್ಕಿದ ನಂತರ.
2. ಹಬ್ಬದ ಸಮಿತಿಗೆ, ಮೈಕಿನಲ್ಲಿ ಓದಬಾರದೆಂಬ ವಿನಂತಿಯೊಂದಿಗೆ.
3. ಶಿರಸಿ ಮತ್ತು ಯಲ್ಲಾಪುರ ಕಚೇರಿಗಳಿಗೆ, ಅಲ್ಲಿನ ಮುಖ್ಯಸ್ಥರಿಗೆ ಸೈಕಲ್ ಬರುತ್ತದೆಯೇ ಎಂದು ವರದಿ ಮಾಡಲು.
4. ಶ್ರೀ ಕೆರಿಯ, ತೀರ್ಪುಗಾರರು, ಇವರಿಗೆ ಗೌರವಪೂರ್ವಕವಾಗಿ. ಈ ಕಚೇರಿಯ ಕಾಗದದಲ್ಲಿ ಅವರ ಹೆಸರಿನ ಮೊದಲು 'ಶ್ರೀ' ಬಂದಿರುವುದು ಇದೇ ಮೊದಲು. ಬೆರಳಚ್ಚಿನ ತಪ್ಪಲ್ಲ.