ಲೇಸರ್ ಬೆಳಕಿನಲ್ಲಿ ಗಂಗವ್ವನ ಎಮ್ಮೆ

ತಮ್ಮ ವಿಷಯ ಯಾರಿಗೂ ಅರ್ಥವಾಗುವುದಿಲ್ಲ ಎಂಬುದು ಸಂಶೋಧಕರೆಲ್ಲರ ಕೊರಗು. ನನ್ನ ಕಷ್ಟ ಬೇರೆ. ನನ್ನ ವಿಷಯ ಇಡೀ ಓಣಿಗೇ ಅರ್ಥವಾಗಿಬಿಟ್ಟಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಫೋಟೋದೊಳಗೆ ಬೇಕಾದ ವಸ್ತು ಎಲ್ಲಿದೆ ಎಂದು ಯಂತ್ರವೇ ಹುಡುಕಬೇಕು, ಅದೂ ಬರೀ ಬೆಳಕಿನಿಂದ. ಫೋಟೋದ ಫಿಲ್ಮಿನ ಮೂಲಕ ಲೇಸರ್ ಹಾಯಿಸಿ, ಲೆನ್ಸು ದಾಟಿಸಿ, ಆ ವಸ್ತುವಿನ ಗುರುತು ಮೂಡಿಸಿದ ಗಾಜಿನ ಫಲಕದೊಳಗಿಂದ ಕಳಿಸಿದರೆ, ವಸ್ತು ಇದ್ದ ಜಾಗಕ್ಕೆ ಸರಿಯಾಗಿ ಪರದೆಯ ಮೇಲೊಂದು ಬೆಳಕಿನ ಚುಕ್ಕೆ ಬೀಳುತ್ತದೆ. ಇಂಥದ್ದು ಬೇಕಾಗುವುದು ಸೈನ್ಯಕ್ಕೆ, ಹುಡುಕಬೇಕಾದದ್ದು ಶತ್ರುಗಳ ಟ್ಯಾಂಕು. ಧಾರವಾಡದಲ್ಲಿ ಟ್ಯಾಂಕು ಎಲ್ಲಿಂದ ತರಲಿ? ಮನೆಯೊಡತಿ ಗಂಗವ್ವನ ಮುಂದೆ ಗೋಳು ತೋಡಿಕೊಂಡರೆ, "ಮಾಳಗಿ ಮ್ಯಾಲ ಐತೆಲ್ರಿ ಸರ, ನೀರೂ ತುಂಬೇತಿ" ಎಂದಳು. ಕೊನೆಗೆ ಆಕೆಯ ಹಿತ್ತಲಿನ ಎಮ್ಮೆಯನ್ನೇ ಟ್ಯಾಂಕೆಂದು ಭಾವಿಸಿ, ಪಕ್ಕದಿಂದ ಫೋಟೋ ತೆಗೆದು ಫಲಕ ಮಾಡಿಕೊಂಡೆ. ಕಪ್ಪು ಬಣ್ಣ, ದಪ್ಪ ಮೈ, ಎದುರಿಗೆ ಬಸ್ಸು ಬಂದರೂ ಕದಲದ ಗಾಂಭೀರ್ಯ. ಯುದ್ಧಕ್ಕೆ ಇನ್ನೇನು ಬೇಕು?

ಅಷ್ಟರಲ್ಲಿ ನಮ್ಮ ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಬೆಂಗಳೂರಿನಿಂದ ತಜ್ಞರೊಬ್ಬರು ಬರುವುದೆಂದಾಯಿತು. ಯೋಜನೆ ನಿಂತರೆ ನನ್ನ ಪಿಎಚ್.ಡಿ.ಯೂ ನಿಂತಂತೆ. ಅವರಿಗೆ ತೋರಿಸಲು ಹೊಸ ಫೋಟೋ ಬೇಕಿತ್ತು. ಗಂಗವ್ವ ಎಮ್ಮೆಯನ್ನು ವಿಭಾಗದ ಅಂಗಳಕ್ಕೇ ಹೊಡೆದುಕೊಂಡು ಬಂದಳು. ನಾನು ಕ್ಯಾಮೆರಾ ಒತ್ತುವ ಕ್ಷಣಕ್ಕೆ ಸರಿಯಾಗಿ, ಕಪ್ಪು ಸಫಾರಿ ತೊಟ್ಟ ನಮ್ಮ ಮುಖ್ಯಸ್ಥರು ಸ್ಕೂಟರಿನ ಮೇಲೆ ಬಾಗಿ ಅದೇನೋ ತಿರುವತೊಡಗಿದರು; ಎಮ್ಮೆ ನಮಗೆ ಬಾಲ ತೋರಿಸಿ ನಿಂತಿತು. ಇರಲಿ, ಯಂತ್ರಕ್ಕೆ ತಿಳಿಯುತ್ತದೆ ಎಂದುಕೊಂಡೆ.

ಯಂತ್ರಕ್ಕೆ ತಿಳಿಯಲಿಲ್ಲ. ತಜ್ಞರು ಬಂದ ದಿನ ಪ್ರಯೋಗಾಲಯದ ದೀಪ ಆರಿಸಿದೆವು. "ನಮ್ಮ ಎಮ್ಮಿ ಪರದೆ ಮ್ಯಾಲ ಬರ್ತೈತಂತ" ಎಂದು ಗಂಗವ್ವನೂ ಬಂದು ಕೂತಿದ್ದಳು. ಝಗ್ಗೆಂದು ಚುಕ್ಕೆ ಮೂಡಿತು. ತಜ್ಞರು ಕೈಯಲ್ಲಿದ್ದ ಫೋಟೋಕ್ಕೆ ತಾಳೆ ಹಾಕಿ ಆ ಜಾಗದಲ್ಲಿ ಬೆರಳಿಟ್ಟರು. ಬೆರಳು ಮುಖ್ಯಸ್ಥರ ಬೆನ್ನಿನ ಮೇಲಿತ್ತು.

"ಅಯ್ಯ, ಅದು ನಮ್ಮ ಎಮ್ಮಿ ಅಲ್ರೀ!" ಎಂದು ಗಂಗವ್ವ ಕೂಗಿದಳು. "ಅವರು ದೊಡ್ಡ ಸಾಹೇಬ್ರು. ಹಾಲ ಕೊಡಂಗಿಲ್ಲ."

"ಏನ್ರೀ ಇದು?" ಎಂದರು ಮುಖ್ಯಸ್ಥರು.

"ಸರ್, ಎಮ್ಮಿ ತಿರುಗಿ ನಿಂತ್ರ ಯಂತ್ರಕ್ಕ ಗುರ್ತು ಹತ್ತಂಗಿಲ್ರಿ," ನಾನು ತೊದಲಿದೆ. "ನೀವು ಬಾಗಿದ್ದು ಮಾತ್ರ ಫಲಕಕ್ಕ ಬರೋಬ್ಬರಿ ಕೂಡೇತ್ರಿ."

ತಜ್ಞರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇನ್ನೊಂದು ವರ್ಷ ಕೊಡೋಣ. ಆದರೆ ಎಮ್ಮೆಯನ್ನು ಎಲ್ಲ ದಿಕ್ಕಿನಿಂದಲೂ ಗುರುತಿಸಬೇಕು. ನಿಮ್ಮ ಮುಖ್ಯಸ್ಥರನ್ನು ಯಾವ ದಿಕ್ಕಿನಿಂದಲೂ ಗುರುತಿಸಬಾರದು."

ಹೀಗಾಗಿ ನಾನು ಎಮ್ಮೆಯ ಸುತ್ತ ಪ್ರದಕ್ಷಿಣೆ ಹಾಕುತ್ತ ಫೋಟೋ ತೆಗೆಯತೊಡಗಿದೆ. ಎಮ್ಮೆಗೆ ಬೇಸರ ಬಂತು. ಅಂಗಿ ಬದಲಿಸಿಕೊಂಡು ಹೋದೆ, ಕ್ಯಾಮೆರಾವನ್ನು ಕಾಯಿಪಲ್ಲೆ ಚೀಲದಲ್ಲಿ ಅಡಗಿಸಿಕೊಂಡು ಹೋದೆ, ಜನರ ಗುಂಪಿನಲ್ಲಿ ಸೇರಿ ಹೋದೆ. ಲೇಸರಿಲ್ಲ, ಲೆನ್ಸಿಲ್ಲ; ಪಕ್ಕದಿಂದ ಬಂದರೂ ಹಿಂದಿನಿಂದ ಬಂದರೂ ಅದು ನನ್ನನ್ನೇ ಹುಡುಕಿ, ಹಾಯಲು ತಲೆ ತಗ್ಗಿಸುತ್ತಿತ್ತು.

"ಲಗೂ ಓಡ್ರಿ ಸರ, ಅದಕ್ಕ ನಿಮ್ಮ ಗುರ್ತು ಹತ್ತೇತಿ!" ಎಂದು ಒಮ್ಮೆ ಗಂಗವ್ವ ಕೂಗಿದಳು. ಓಡಿದೆ, ಆದರೆ ಲಗೂ ಅಲ್ಲ. ನನ್ನ ಮಹಾಪ್ರಬಂಧದ ಕೊನೆಯ ಅಧ್ಯಾಯವನ್ನು ನಾನು ನಿಂತುಕೊಂಡೇ ಬರೆದೆ.