ಮೂರು ದಿನ ಸೂಟಿ, ಹೊಟ್ಟೆತುಂಬ ಹೊಟ್ಟೆಕಿಚ್ಚು

ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದ ಶುಕ್ರವಾರದ ಬೆನ್ನಿಗೇ ಎರಡನೇ ಶನಿವಾರ ಬಂದು ಕೂತರೆ ಸಾಕು, ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಊರಿಗೆ ಹೊರಟ ಬೇರೆಯವರಿಗೆ ಬಸ್ಸು ತಪ್ಪುತ್ತದೆ, ಇಲ್ಲವೇ ನೆಗಡಿ ಹಿಡಿಯುತ್ತದೆ. ನನಗೆ ಹೊಟ್ಟೆಕಿಚ್ಚು ಹಿಡಿಯುತ್ತದೆ.

ನಾನು ಯಾದಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಗಂಡ ಬ್ಯಾಂಕಿನಲ್ಲಿದ್ದಾರೆ. ಮೂರನೇ ಇಯತ್ತೆಯ ಮಗಳೊಬ್ಬಳು. ಶಹಾಪುರದಲ್ಲಿ ತಂಗಿಯ ಮನೆ. ಸುರಪುರದಲ್ಲಿ ತವರುಮನೆ, ಅಲ್ಲಿ ಅವ್ವ, ಅಪ್ಪ, ತಮ್ಮ, ತಮ್ಮನ ಹೆಂಡತಿ. ದಿನಾ ನೋಡಿದರೆ ನಾನು ಒಳ್ಳೆಯ ಹೆಂಗಸೇ, ಯಾರನ್ನು ಬೇಕಾದರೂ ಕೇಳಿ. ಆದರೆ ಶಹಾಪುರದ ಬಸ್ಸು ಭೀಮಾ ನದಿಯ ಸೇತುವೆ ದಾಟಿತೋ ಇಲ್ಲವೋ, ಹೊಟ್ಟೆಯೊಳಗೆ ಯಾರೋ ಒಲೆ ಊದಲು ಶುರು ಮಾಡುತ್ತಾರೆ.

ಪುಂಡಿಪಲ್ಯ

ತಂಗಿಯ ಮನೆ ಹೊಸದು. ಆಕೆಯ ಗಂಡನದು ಬೀಜ-ಗೊಬ್ಬರದ ಅಂಗಡಿ. ಅವರ ಮಾಳಿಗೆ ಹತ್ತಿದರೆ ಬುದ್ಧ ಮಲಗಿದಂತೆ ಕಾಣುವ ಗುಡ್ಡ ಉದ್ದಕ್ಕೂ ಕಾಣುತ್ತದೆ. ನಮ್ಮ ಮಾಳಿಗೆ ಹತ್ತಿದರೆ ಪಕ್ಕದ ಮನೆಯವರ ನೀರಿನ ಟಾಕಿ ಮತ್ತು ಅವರು ಒಣಹಾಕಿದ ಬನಿಯನ್ನುಗಳು ಕಾಣುತ್ತವೆ. ಮಗಳು ಮಾಳಿಗೆಯಿಂದ ಇಳಿದು ಬಂದವಳೇ, "ಅವ್ವಾ, ನಾವು ಚಿಗವ್ವನ ಮನ್ಯಾಗೇ ಯಾಕ ಹುಟ್ಟಲಿಲ್ಲ?" ಎಂದು ಕೇಳಿದಳು. ಅಲ್ಲಿಗೆ ಒಲೆ ಹೊತ್ತಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ನನ್ನ ಗಂಡ ಮನೆಯಲ್ಲಿ ತಾಟಿನ ಮುಂದೆ ಕೂತರೆ ಮಾತೇ ಆಡುವವರಲ್ಲ. ಏನು ಹಾಕಿದರೂ ಪೇಪರು ಓದುತ್ತ ತಿಂದು ಏಳುತ್ತಾರೆ. ಅಂಥವರು ತಂಗಿಯ ಮನೆಯಲ್ಲಿ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು.

"ಆಹಾಹಾ! ಪುಂಡಿಪಲ್ಯ ಅಂದ್ರ ಇದು ನೋಡ್ರಿ. ಇದಕ್ಕ ಕೈಗುಣ ಬೇಕು."

ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಮತ್ತಷ್ಟು ಪಲ್ಯ ಬಡಿಸಿಕೊಂಡು ನನ್ನತ್ತ ತಿರುಗಿ, "ಕೇಳಿ ಕಲ್ಕೋ. ತಂಗಿ ಅಂತ ನಾಚಗೋಬ್ಯಾಡ" ಎಂದರು.

ತಂಗಿ ಸೌಟು ಹಿಡಿದು ನಿಂತವಳು ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ.

"ಮಾಮಾರ," ಎಂದಳು ಮೆಲ್ಲಗೆ, "ಅದು ಅಕ್ಕ ಯಾದಗಿರಿಲಿಂದ ಡಬ್ಬ್ಯಾಗ ಹಾಕ್ಕೊಂಡು ಬಂದದ್ದರಿ. ನಾ ಬರೇ ಬಿಸಿ ಮಾಡೀನಿ."

ನನ್ನ ಗಂಡ ಬಾಯೊಳಗಿನ ತುತ್ತನ್ನು ಬಹಳ ಹೊತ್ತು ಅಗಿದು ನುಂಗಿದರು.

"ಅದಕ್ಕ ಮತ್ತ," ಎಂದರು, "ಉಪ್ಪು ಒಂದೀಟು ಕಮ್ಮಿ ಅನಸಾಕತ್ತಿತ್ತು."

ಚಹಾ

ಮರುದಿನ ಬೆಳಿಗ್ಗೆ ಎದ್ದು ಹೊರಗೆ ಬಂದರೆ ತಂಗಿ ಇನ್ನೂ ಹೊದ್ದು ಕೂತಿದ್ದಾಳೆ. ಆಕೆಯ ಗಂಡ ಅಡುಗೆಮನೆಯಿಂದ ಕಪ್ಪು-ಬಸಿ ಹಿಡಿದು ಬಂದ. "ತಗೋ, ಬಿಸಿ ಅದ, ನೋಡ್ಕೊಂಡು ಕುಡಿ" ಅಂದ. ಬಸಿಯಲ್ಲಿ ಎರಡು ಬಿಸ್ಕೀಟು ಬೇರೆ ಇದ್ದವು.

ಚಹಾಕ್ಕಾದರೂ ತಡೆದುಕೊಳ್ಳುತ್ತಿದ್ದೆ. ಬಿಸ್ಕೀಟು ನೋಡಿ ತಡೆಯಲಾಗಲಿಲ್ಲ. ಒಳಗೆ ಹೋಗಿ ಗಂಡನ ರಗ್ಗು ಎಳೆದೆ.

"ಏಳ್ರಿ! ಅಲ್ಲಿ ತಂಗಿ ಗಂಡ ಹೆಂಡ್ತಿಗಿ ಚಹಾ ಮಾಡಿ ಕೊಡಾಕತ್ತಾರ."

"ಹೌದಾ?" ಎಂದರು ಕಣ್ಣು ತೆರೆಯದೆ. "ಹಂಗಾರ ನನಗೂ ಒಂದು ಕಪ್ಪು ಹೇಳು."

ಆಮೇಲೆ ನಾನು ಏನು ಹೇಳಿದೆ ಅನ್ನುವುದು ಇಲ್ಲಿ ಬೇಡ. ಅವರು ಎದ್ದು ಅಡುಗೆಮನೆಗೆ ಹೋದರು. ಶುಂಠಿಯನ್ನು ಮಣ್ಣು ಸಮೇತ ಜಜ್ಜಿ, ಸಕ್ಕರೆ ಎಲ್ಲಿದೆ ಎಂದು ಕೇಳಲು ನಾಚಿ ಬೆಲ್ಲ ಹಾಕಿ, ಒಂದು ಪಾತೇಲಿ ಚಹಾ ಮಾಡಿದರು. ಮನೆಯೆಲ್ಲ ಹಬ್ಬವಾಯಿತು. "ಮಾಮಾರು ಚಹಾ ಮಾಡ್ಯಾರ!" ಎಂದು ತಂಗಿ ಫೋಟೊ ಹೊಡೆದಳು. ಹಾಲಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ, "ಬ್ಯಾಂಕಿನ ಸಾಹೇಬ್ರು ಮಾಡಿದ್ದಾ? ನಮ್ಮ ಮನಿಯವ್ರಿಗಿ ತೋರಸ್ತೀನಿ ಕೊಡ್ರಿ" ಎಂದು ಒಂದು ಕಪ್ಪು ಹಿಡಿದುಕೊಂಡೇ ಹೋದಳು. ಆ ಹೊತ್ತಿನೊಳಗೆ ನಾನು ಅಷ್ಟೂ ಮಂದಿಗೆ ಉಳ್ಳಾಗಡ್ಡಿ ಹೆಚ್ಚಿ, ಮಂಡಕ್ಕಿ ನೆನೆಸಿ ಸುಸಲಾ ಮಾಡಿ ಮುಗಿಸಿದ್ದೆ. ಎಲ್ಲರೂ ತಿಂದರು. ಸುಸಲಾ ತನ್ನಷ್ಟಕ್ಕೆ ತಾನೇ ಆಯಿತೋ ಎಂಬಂತೆ ತಿಂದರು.

ಚಹಾದ ಫೋಟೊ ಸುರಪುರಕ್ಕೂ ಮುಟ್ಟಿತು. ಅವ್ವನ ಫೋನು ಬಂತು.

"ನಿನ್ನ ಕೈಗೇನು ಲಕ್ವಾ ಹೊಡದದೇನ? ಅಳಿಯಂದ್ರ ಕೈಲಿ ಚಹಾ ಮಾಡಸ್ತಿ!"

"ಅವ್ವಾ, ತಂಗಿ ಗಂಡನೂ ಮಾಡ್ಯಾರ. ಆಕಿಗೇನೂ ಅನ್ನಂಗಿಲ್ಲ ನೀ."

"ಅವ್ರು ಆಕಿ ಮ್ಯಾಲಿನ ಪ್ರೀತಿಗಿ ಮಾಡ್ತಾರ," ಎಂದಳು ಅವ್ವ. "ಇವ್ರು ನಿನ್ನ ಅಂಜಿಕಿಗಿ ಮಾಡ್ಯಾರ."

ತಬಿಯತ್ತು

ಅವ್ವ ಫೋನು ಇಡುವ ಮೊದಲು ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಮಧ್ಯಾಹ್ನಕ್ಕೆ ನಾವೆಲ್ಲ ಸುರಪುರಕ್ಕೆ ಹೊರಡುವುದಿತ್ತು. ಅಲ್ಲಿ ಅಳಿಯಂದಿರಿಗೆ ಹೋಳಿಗೆ ಎಂದು ಗೊತ್ತಿತ್ತು.

"ಅವ್ವಾ, ಇವ್ರ ತಬಿಯತ್ ಬರಾಬರಿ ಇಲ್ಲ," ಎಂದೆ. "ಹೊಟ್ಟಿ ಕೆಟ್ಟದ. ಇವ್ರಿಗಿ ಹೋಳಿಗಿ ಹಾಕಬ್ಯಾಡ. ಮಜ್ಜಿಗಿ ಅನ್ನ ಸಾಕು."

ತಂಗಿಯ ಕೈಗುಣ ಹೊಗಳಿದ ಬಾಯಿಗೆ ಮಜ್ಜಿಗೆ ಬೀಳಲಿ, ತಂಗಿಯ ಗಂಡ ಎದುರಿಗೇ ಕೂತು ತುಪ್ಪ ಸುರಿದುಕೊಂಡು ತಿನ್ನಲಿ, ಇವರು ನೋಡಲಿ. ದಾರಿಯುದ್ದಕ್ಕೂ ತಂಗಿಯ ಗಂಡನ ಕಾರಿನಲ್ಲಿ ಅದನ್ನೇ ನೆನೆದು ಖುಷಿಪಟ್ಟೆ.

ಸುರಪುರದಲ್ಲಿ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಪಡಸಾಲೆಯಲ್ಲಿ ಮಂಚ ಹಾಕಿ, ನಾನು ಹತ್ತು ಸಲ ಕೇಳಿದರೂ ಪೆಟ್ಟಿಗೆಯಿಂದ ತೆಗೆಯದಿದ್ದ ಕಸೂತಿ ಚಾದರ ಹಾಸಿದ್ದಳು. ಅಪ್ಪ ದಾಳಿಂಬೆ ಬಿಡಿಸುತ್ತ ಕೂತಿದ್ದ. ತಮ್ಮನ ಹೆಂಡತಿ ಅಜವಾನದ ನೀರು ಕುದಿಸುತ್ತಿದ್ದಳು.

"ಬರ್ರಿ ಅಳಿಯಾರ, ಮೊದ್ಲು ಮಲಕೋರಿ" ಎಂದಳು ಅವ್ವ.

ನನ್ನ ಗಂಡ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಅವರಿಗೆ ತಿಳಿಯಲು ಎರಡನೇ ಸಲ ನೋಡಬೇಕಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಸೋತ ದನಿಯಲ್ಲಿ, "ಮುಂಜಾನಿಗಿಂತ ಈಗ ಆರಾಮ ಅದರಿ ಅತ್ತಿ" ಎನ್ನುತ್ತ ಕಸೂತಿ ಚಾದರದ ಮೇಲೆ ಒರಗಿಯೇಬಿಟ್ಟರು.

ಒಬ್ಬರು ದಿಂಬು ಕೊಟ್ಟರು. ಒಬ್ಬರು ಕಿಟಕಿ ತೆರೆದರು, ಇನ್ನೊಬ್ಬರು ಗಾಳಿ ಬಡಿಯುತ್ತದೆಂದು ಮುಚ್ಚಿದರು. ಅವ್ವ ನನ್ನತ್ತ ತಿರುಗಿ, "ನಿಂತೇನ ನೋಡಾಕತ್ತಿ? ಕಾಲು ಒತ್ತು" ಎಂದಳು.

"ಹೊಟ್ಟಿ ಕೆಟ್ಟರ ಕಾಲು ಯಾಕ ಒತ್ತಬೇಕು?"

"ಎಲ್ಲಾ ನರ ಕಾಲಿಗೇ ಬಂದಿರ್ತಾವ. ಒತ್ತು."

ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಸ್ವಲ್ಪ ಮ್ಯಾಲ... ಹಾಂ, ಅಲ್ಲೇ" ಎಂದರು. ಒಳಗೆ ತಂಗಿಯ ಗಂಡ ಒಬ್ಬನೇ ಕೂತು ಹೋಳಿಗೆ ತಿಂದ. "ನನಗ ಇನ್ನೊಂದು ಹಾಕ್ಕೋರಿ ಅನ್ನಾಕೂ ಯಾರೂ ಬರಲಿಲ್ಲ" ಎಂದು ಆಮೇಲೆ ತಂಗಿಯ ಹತ್ತಿರ ಗೊಣಗಿದನಂತೆ. ಅದೊಂದೇ ಆವತ್ತಿನ ನನ್ನ ಸಮಾಧಾನ.

ಸಂಜೆಗೆ ಅಜವಾನದ ನೀರು ಹಿಡಿದು ಪಡಸಾಲೆಗೆ ಹೋದವಳು ಬಾಗಿಲಲ್ಲೇ ನಿಂತೆ. ಅಪ್ಪ ಮಂಚದ ಅಂಚಿಗೆ ಕೂತಿದ್ದ. ಅತ್ತ ಇತ್ತ ನೋಡಿ, ಹೆಗಲ ಮೇಲಿನ ಟವೆಲ್ಲಿನೊಳಗಿಂದ ಮಡಚಿದ ಹೋಳಿಗೆ ತೆಗೆದು ಅಳಿಯನ ಕೈಗಿಟ್ಟ.

"ಜಲ್ದಿ ತಿನ್ರಿ," ಎಂದ ಪಿಸುದನಿಯಲ್ಲಿ. "ಈಕಿ ಅವ್ವನೂ ಸಿಟ್ಟು ಬಂದಾಗೆಲ್ಲಾ ನನ್ನ ಹೊಟ್ಟಿ ಹಿಂಗೇ ಕೆಡಸ್ತಿದ್ಲು."

ಎಣ್ಣೆ

ತವರುಮನೆಯ ಹಿತ್ತಲ ಬಾಗಿಲಿಗೆ ಒಂದು ಕಲ್ಲಿನ ಕಟ್ಟೆಯಿದೆ. ನಾನು ಮದುವೆಯಾಗಿ ಹೋಗುವತನಕ ಅವ್ವ ಅದರ ಮೇಲೆ ಕೂತು ನನಗೆ ಎಣ್ಣೆ ಹಚ್ಚುತ್ತಿದ್ದಳು. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಜಾಗದಲ್ಲಿ ತಮ್ಮನ ಹೆಂಡತಿ. ಮೊಣಕಾಲುದ್ದ ಕೂದಲು ಹರವಿಕೊಂಡು ಕೂತಿದ್ದಾಳೆ. ಅವ್ವ ಬಟ್ಟಲು ತುಂಬ ಎಣ್ಣೆ ಇಟ್ಟುಕೊಂಡು ಉಜ್ಜುತ್ತಿದ್ದಾಳೆ. "ನನ್ನ ಸೊಸಿ ಕೂದಲ ನೋಡು, ರೇಷ್ಮಿ ಆಗ್ಯಾದ" ಎಂದು ನನಗೇ ತೋರಿಸಿದಳು.

"ಅವ್ವಾ, ನನಗೂ ಹಚ್ಚು" ಎಂದೆ. ದನಿ ನನ್ನ ಮಗಳದಕ್ಕಿಂತ ಸಣ್ಣದಾಗಿ ಬಂತು.

"ಬಾ, ಪಾಳಿ ಹಚ್ಚು."

ತಿರುಗಿ ನೋಡಿದರೆ ತಂಗಿ ಆಗಲೇ ಜಡೆ ಬಿಚ್ಚಿಕೊಂಡು ಪಾಳಿಯಲ್ಲಿ ನಿಂತಿದ್ದಳು. ನನ್ನ ಸರದಿ ಬರುವ ಹೊತ್ತಿಗೆ ಬಟ್ಟಲಿನಲ್ಲಿ ಎಣ್ಣೆ ಇರಲಿಲ್ಲ. ಅವ್ವ ಅಂಗೈಗೆ ಅಂಟಿದ್ದನ್ನೇ ನನ್ನ ತಲೆಗೆ ಒರೆಸಿದಳು. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು. ಆ ಕೈ ಇನ್ನೂ ಹಾಗೇ ಇತ್ತು, ಒರಟು, ಬೆಚ್ಚಗೆ.

"ನಿನಗ ಇಷ್ಟೇ ಸಾಕವ್ವ," ಎಂದಳು ಅವ್ವ. "ಹಚ್ಚಾಕ ಕೂದಲಾರ ಎಲ್ಲದಾವ?"

ಮಗಳು ಪಕ್ಕದಲ್ಲೇ ಆಡುತ್ತಿದ್ದವಳು ತಲೆಯೆತ್ತಿದಳು. "ಬಾಚಣಿಕ್ಯಾಗ ಅದಾವ, ಆಯಿ!"

ಬೋನಾಳದ ಕೆರೆ

ಅದೇ ದಿನ ಎಲ್ಲರೂ ಬೋನಾಳದ ಕೆರೆಗೆ ಹಕ್ಕಿ ನೋಡಲು ಹೋದೆವು. ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿ ಬಂದು ಇಳಿದಿರುತ್ತವೆ. ತಂಗಿ ಹೊಸ ಫೋನು ತೆಗೆದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ನಾನು ಸೆರಗು ಸರಿ ಮಾಡಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಉಸಿರು ಹಿಡಿದು ನಿಂತೆ. ಹಾದುಹೋಗುವ ಒಬ್ಬರು ಫೋಟೊ ಹೊಡೆದುಕೊಟ್ಟರು.

ಮನೆಗೆ ಬರುವಷ್ಟರಲ್ಲಿ ತಂಗಿ ಅದನ್ನು ಸ್ಟೇಟಸ್ಸಿಗೆ ಹಾಕಿದ್ದಳು. ಕೆಳಗೆ "ನನ್ನ ಪ್ರೀತಿಯ ಕುಟುಂಬ" ಎಂದು ಬರೆದಿದ್ದಳು. ಆಕೆ ನಡುವೆ ಇದ್ದಾಳೆ. ಆಕೆಯ ಗಂಡ, ಅವ್ವ, ಅಪ್ಪ, ತಮ್ಮ, ಅವನ ಹೆಂಡತಿ ಇದ್ದಾರೆ. ನನ್ನ ಗಂಡ ಹೊಟ್ಟೆನೋವಿನ ಗುರುತೂ ಇಲ್ಲದೆ ನಗುತ್ತಿದ್ದಾರೆ. ನನ್ನ ಮಗಳು ಚಿಗವ್ವನಿಗೆ ಆತುಕೊಂಡಿದ್ದಾಳೆ. ಅಂಚಿನಲ್ಲಿ ಬುತ್ತಿಯ ಚೀಲ ತೂಗುಹಾಕಿಕೊಂಡ ಒಂದು ಮೊಣಕೈ.

"ಇದೇನ ಇದು?" ಎಂದು ತಂಗಿಯನ್ನು ಕೇಳಿದೆ.

"ಅಯ್ಯ ಅಕ್ಕಾ, ನಿನ್ನ ಪೂರ್ತಿ ಇಟ್ಕೊಂಡಿದ್ರ ಆ ಕಡಿಗಿನ ಬಾತುಕೋಳಿ ಕಟ್ಟಾಗ್ತಿತ್ತು."

ಸೀರೆ

ಹೊರಡುವ ಮೊದಲು ಅವ್ವ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಮೇಲೊಂದು ಸೀರೆ. ನನಗೆ ಗಿಣಿಹಸಿರು. ತಂಗಿಗೆ ನೇರಳೆ ಬಣ್ಣ, ಅಗಲ ಅಂಚು. ಆ ನೇರಳೆ ನೋಡಿದ ಮೇಲೆ ನನ್ನ ಹಸಿರು ಬಾಡಿದ ಮೆಂತ್ಯಪಲ್ಯದ ಹಾಗೆ ಕಾಣತೊಡಗಿತು. ಅವ್ವ ಮೊದಲಿಂದಲೂ ಹೀಗೇ, ಚಲೋದು ಯಾವಾಗಲೂ ಸಣ್ಣಾಕೆಗೆ.

ಚೀಲ ತುಂಬುವ ಕೆಲಸ ತಮ್ಮನ ಹೆಂಡತಿಯದು. ಆಕೆಯನ್ನು ಅಡುಗೆಮನೆಯ ಮೂಲೆಗೆ ಕರೆದೆ.

"ಎವ್ವಾ, ಒಂದು ಕೆಲಸ ಮಾಡು. ಸೀರಿ ಅದಲಬದಲ ಮಾಡಿ ಇಡು. ಯಾದಗಿರಿ ಮುಟ್ಟಿದ ಮ್ಯಾಲ ಗೊತ್ತಾದ್ರ ಆಗ್ಲಿ."

"ಹೂನ್ರಿ ಅಕ್ಕಾರ" ಎಂದಳು ಆಕೆ. ಬಹಳ ಒಳ್ಳೆಯ ಹುಡುಗಿ ಎಂದು ಆಗ ನನಗೆ ಮೊದಲ ಸಲ ಅನ್ನಿಸಿತು.

ಸಂಜೆ ಯಾದಗಿರಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಚೀಲ ಬಿಚ್ಚಿದೆ. ಗಿಣಿಹಸಿರು! ಕೂಡಲೇ ತಮ್ಮನ ಹೆಂಡತಿಗೆ ಫೋನು ಹಚ್ಚಿದೆ.

"ಬದಲು ಮಾಡಿದ್ದೆರಿ ಅಕ್ಕಾರ," ಎಂದಳು. "ಆಮ್ಯಾಲ ಸಣ್ಣಕ್ಕಾರು ಬಂದು ಅವ್ರೂ ಅದೇ ಮಾತು ಹೇಳಿದ್ರು. ಮತ್ತ ಬದಲು ಮಾಡಿದೆ."

"ಏನಂದ್ಲು ಆಕಿ?"

"ಅವ್ವ ಯಾವಾಗ್ಲೂ ಚಲೋದು ದೊಡ್ಡಾಕಿಗೇ ಕೊಡ್ತಾಳ ಅಂದ್ರು ಅಕ್ಕಾರ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಹಸಿರಿಗೆ ಜೀವ ಬಂತು. ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದೆ. ತಂಗಿ ಹೊಟ್ಟೆ ಉರಿದುಕೊಂಡ ಸೀರೆಯೆಂದರೆ ಸುಮ್ಮನೆಯೇ? ಅಷ್ಟರಲ್ಲಿ ಆ ಕಡೆ ಅವ್ವ ಸೊಸೆಯ ಕೈಯಿಂದ ಫೋನು ಕಸಿದುಕೊಂಡಳು.

"ಸೀರಿ ಸಲುವಾಗಿ ಏನು ನಡಸೀರಿ ಅಕ್ಕ-ತಂಗಿ? ಎರಡೂ ಚಲೋ ಅದಾವ, ಸುಮ್ನ ಉಟ್ಕೋರಿ. ಸೊಸಿಗಿ ಅಂತ ತಂದಿದ್ದೆ. ಆಕಿ ಎರಡೂ ಒಲ್ಲೆ ಅಂದ್ಲು."

ಕನ್ನಡಿಯೊಳಗೆ ನನ್ನ ಗಂಡ ಕಾಣಿಸಿದರು. ಸೋಫಾದ ಮೇಲೆ ಬಿದ್ದು ನಗುತ್ತಿದ್ದರು. ಈ ಸಲ ಹೊಟ್ಟೆಯನ್ನು ನಿಜವಾಗಿಯೇ ಹಿಡಿದುಕೊಂಡಿದ್ದರು.

ಸೋಮವಾರ ನಾನು ಅದೇ ಸೀರೆ ಉಟ್ಟು ಕಚೇರಿಗೆ ಹೋದೆ. ಪಕ್ಕದ ಮೇಜಿನ ಮೇಡಂ ಸೆರಗು ಮುಟ್ಟಿ ನೋಡಿದರು.

"ಯಾರು ಕೊಟ್ಟಿದ್ದರಿ? ಬಾಳ ಛಂದ ಅದ."

"ನಮ್ಮವ್ವ," ಎಂದೆ. "ಇಡೀ ಅಂಗಡಿ ತೆಗೆಸಿ, ನನಗಂತಲೇ ಆರಿಸಿ ತಂದಾಳರಿ."

ಮೇಡಂ ಮುಖ ಸಣ್ಣದಾಯಿತು. ಸೆರಗು ಬಿಟ್ಟು, ಉಸಿರು ಬಿಟ್ಟು, "ಪುಣ್ಯ ಮಾಡೀರಿ ನೀವು. ನಮ್ಮವ್ವ ನೋಡ್ರಿ, ಮೊದ್ಲು ಸೊಸಿ ಮುಂದ ಹಿಡೀತಾಳ, ಆಕಿ ಬಿಟ್ಟದ್ದು ನನಗ ಕೊಡ್ತಾಳ" ಎಂದರು.

ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ.

"ಏನ್ ಮಾಡಾಕ ಬರ್ತದ್ರಿ ಮೇಡಂ," ಎಂದೆ. "ಎಲ್ರಿಗೂ ನಮ್ಮಂಥಾ ಅವ್ವ ಸಿಗಂಗಿಲ್ಲ."