ಐದನೇ ಪೆಟ್ಟು ಯಾರದು?

ಸಣ್ಣ ಮಕ್ಕಳಿಗೆ ಪಾಠ ಹೇಳುವವರಿಗೆ ದಿನಕ್ಕೊಂದು ಫಜೀತಿ ಇದ್ದದ್ದೇ. ಒಂದನೇ, ಎರಡನೇ ಇಯತ್ತೆಯ ಮಕ್ಕಳಿಗೆ ತಾಳ ಕಲಿಸಲು ಹೊರಟರೆ ಫಜೀತಿಯ ಜೊತೆಗೆ ನಾಲ್ಕಾರು ದೆವ್ವಗಳೂ ಗಂಟು ಬೀಳುತ್ತವೆ. ನಾನು ದೆವ್ವಗಿವ್ವ ನಂಬುವವಳಲ್ಲ. ಹಾಗಂತ ಅವುಗಳಿಗೆ ಕೇಳಿಸುವ ಹಾಗೆ ಎಂದೂ ಹೇಳಿಲ್ಲ.

ನಾನು ರೋಣದವಳು. ದಿನಾ ಬೆಳಿಗ್ಗೆ ನರಗುಂದದ ಬಸ್ಸು ಹಿಡಿದು, ನಡುವಿನ ಒಂದು ಊರಿನ ಸಾಲಿಗೆ ಸಂಗೀತ ಕಲಿಸಲು ಹೋಗುತ್ತೇನೆ. ಸಂಗೀತ ಕಲಿತೂ ಹನ್ನೆರಡು ವರ್ಷ ಮನೆಯಲ್ಲಿ ರೊಟ್ಟಿ ಬಡಿದವಳಿಗೆ ಸಿಕ್ಕ ಮೊದಲ ಕೆಲಸ ಅದು. ಹೆಡ್‌ಮಾಸ್ತರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ದೀಪಾವಳಿ ಮಟಾ ನೋಡ್ತೀನ್ರಿ. ಹುಡುಗ್ರು ಬಂದು ಕುಂತ್ರ ಸಂಗೀತ, ಇಲ್ಲಂದ್ರ ಆ ಪಿರಿಯಡ್ ಗಣಿತಕ್ಕ." ಪಿರಿಯಡ್ ಗಣಿತಕ್ಕೆ ಹೋದರೆ ನಾನು ಮನೆಗೆ ಹೋದಂತೆಯೇ. ಹೀಗಾಗಿ ಆ ವರ್ಷ ನನಗೆ ದೆವ್ವಕ್ಕಿಂತ ಗಣಿತದ ಭಯವೇ ಹೆಚ್ಚಾಗಿತ್ತು.

ನರಳುವ ಪೇಟಿ

ನನಗೆ ಕೊಟ್ಟದ್ದು ಸಾಲಿಯ ಕಟ್ಟಕಡೆಯ ಖೋಲಿ. ಹಿಂದಿನ ಕಿಟಕಿಗೆ ಹಲಗೆ ಬಡಿದು ಎಷ್ಟೋ ವರ್ಷವಾಗಿತ್ತು. ಪಾಠ ನಿಂತ ಮೇಲೆ ಅಲ್ಲಿ ಬಿಸಿಯೂಟದ ಸಾಮಾನು ಇಡುತ್ತಿದ್ದರು. ಹೆಡ್‌ಮಾಸ್ತರು ಬೀಗ ತೆಗೆದು, "ಮೂಲ್ಯಾಗ ಒಂದು ಹಳೇ ಪೇಟಿ ಐತಿ ನೋಡ್ರಿ," ಎಂದರು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ.

ನಾನು ಬಾಗಿಲು ಪೂರ್ತಿ ತಳ್ಳಿದೆ. ಕತ್ತಲಿನಿಂದ, ಯಾರೋ ಹೊಟ್ಟೆ ಹಿಡಿದುಕೊಂಡು ನರಳಿದ ಹಾಗೆ, "ಊಂ..." ಅಂತ ದನಿ ಬಂತು. ನಟ್ಟನಡು ಮಧ್ಯಾಹ್ನ, ಹೊರಗೆ ರಣರಣ ಬಿಸಿಲು. ನನ್ನ ಬೆನ್ನಿನಲ್ಲಿ ಮಾತ್ರ ತಣ್ಣೀರು ಇಳಿಯಿತು.

"ನೀವು ಮುಂದ ನಡೀರಿ, ನಾ ಬೀಗ ಹಿಡಕೊಂಡಿರ್ತೀನಿ," ಎಂದರು ಹೆಡ್‌ಮಾಸ್ತರು.

"ಸರ, ಬೀಗ ಭಾಳ ದೊಡ್ಡದೈತ್ರಿ, ಇಬ್ಬರು ಹಿಡಿಬೇಕಾಗತೈತಿ," ಎಂದೆ ನಾನು.

ಕಡೆಗೆ ಅಡುಗೆಯವ್ವನನ್ನು ಕರೆದೆವು. ಆಕೆ ದಿನದ ರೂಢಿಯಂತೆ ಒಳಗೆ ನಡೆದು ಬೇಳೆಯ ಚೀಲ ಸರಿಸಿದಳು. ಮತ್ತೆ "ಊಂ..." ನೋಡಿದರೆ ಚೀಲ ಪೇಟಿಯ ತಿದಿಗೆ ಒರಗಿಕೊಂಡಿತ್ತು. ಬಾಗಿಲು ತಾಗಿಯೋ ಕೈ ತಾಗಿಯೋ ಚೀಲ ಅಲುಗಿದಾಗೊಮ್ಮೆ ತಿದಿ ಒತ್ತುತ್ತಿತ್ತು. ಬೆರಳಿಡುವ ಮನೆಗಳಲ್ಲಿ ಒಂದು ಕೆಳಗೇ ಸಿಕ್ಕಿಕೊಂಡಿದ್ದರಿಂದ ಅದೊಂದೇ ಸ್ವರ ಹೊರಡುತ್ತಿತ್ತು.

"ಇದು ನರಳೂದು ನಿನಗ ಮೊದಲ ಗೊತ್ತಿತ್ತೇನವಾ?" ಎಂದು ಕೇಳಿದೆ.

"ನರಳೂದು ಗೊತ್ತಿತ್ರಿ ಅಕ್ಕಾರ, ಪೇಟಿ ಅಂತ ಗೊತ್ತಿರಲಿಲ್ಲ. ನಾ ಬ್ಯಾಳಿ ತಗಿವಾಗೆಲ್ಲಾ ನರಳತಿತ್ತು. ಭಾಳ ತಗದೆ ಅಂತ ಸಿಟ್ಟಾಗೇತಿ ಅಂದ್ಕೊಂಡು ಒಂದು ಬೊಗಸಿ ವಾಪಸ್ ಹಾಕ್ತಿದ್ದೆ."

ನಮ್ಮ ಸಾಲಿಯ ಸಾರು ಅಷ್ಟು ತೆಳ್ಳಗೆ ಯಾಕೆ ಎಂಬುದು ಹೆಡ್‌ಮಾಸ್ತರಿಗೆ ಆವತ್ತು ತಿಳಿಯಿತು.

ಕರೆಯುವ ಕೈ

ತಾಳ ಶುರುವಾಯಿತು. ದೊಡ್ಡವರ ಶಾಸ್ತ್ರ ಬೇರೆ. ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಇಷ್ಟೇ: ಎಂಟರವರೆಗೆ ಪಿಸುಗುಟ್ಟಿ ಎಣಿಸಬೇಕು, ಎಣಿಕೆಗೊಂದು ಚಪ್ಪಾಳೆ. ಐದಕ್ಕೆ ಮಾತ್ರ ಚಪ್ಪಾಳೆ ಇಲ್ಲ. ಅದು ಖಾಲಿ. ಅಲ್ಲಿ ಅಂಗೈ ಮೇಲೆ ಮಾಡಿ ಬಲಕ್ಕೆ ಬೀಸಿ ಸುಮ್ಮನಿರಬೇಕು. ಇಪ್ಪತ್ನಾಲ್ಕು ಮಕ್ಕಳು ನಾಲ್ಕೇ ದಿನದಲ್ಲಿ ಕಲಿತವು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ವಾರ ಕಳೆಯುವುದರೊಳಗೆ ಇಪ್ಪತ್ನಾಲ್ಕು ಇದ್ದದ್ದು ಹದಿನೈದಾಯಿತು. ಒಂದನೇ ಇಯತ್ತೆಯ ಒಬ್ಬ ಹುಡುಗಿಯ ಅಜ್ಜಿ ಸೀದಾ ಖೋಲಿಗೇ ಬಂದಳು.

"ಅಕ್ಕಾರ, ನಮ್ಮ ಕೂಸಿಗೆ ಏನ ಕಲಿಸೀರಿ? ಮಧ್ಯಾನ ಮಲಗಿದಾಗ ಕಣ್ಣ ಮುಚ್ಚೇ ನೆಲಾ ಬಡೀತಾಳ. ನಾಕು ಸಲ ಬಡದು ಸುಮ್ನಾಗ್ತಾಳ. ಆಮ್ಯಾಲ ಗ್ವಾಡಿ ಕಡಿ ಕೈ ಮಾಡಿ ಯಾರನ್ನೋ ಕರೀತಾಳ."

"ಕರಿಯೂದಲ್ಲಬೇ ಅದು, ಖಾಲಿ ತೋರಸೂದು."

"ಖಾಲಿ ಎಲ್ಲೈತ್ರಿ? ಆ ಮೂಲ್ಯಾಗ ನಮ್ಮ ಯಜಮಾನ ಕೂಡ್ರತಿದ್ದ. ಹೋಗಿ ಎರಡ ವರ್ಷಾತು. ಇಕಿ ಕರದಾಗೊಮ್ಮೆ ಅಲ್ಲಿ ಚಾಪಿ ಅಲಗತೈತಿ."

ಚಾಪೆ ಗಾಳಿಗೆ ಅಲುಗಿರಬೇಕು ಎಂದೆ. ಆ ಮನೆಗೆ ಕಿಟಕಿಯೇ ಇಲ್ಲ ಎಂದಳು. ನಾನು ಮಾತು ತಿರುಗಿಸಿದೆ.

"ಹೆದರಬ್ಯಾಡಬೇ. ಅಜ್ಜ ಮೊಮ್ಮಗಳಿಗೆ ಕೆಟ್ಟದ್ದೇನ ಮಾಡ್ತಾನ?"

"ಅಕಿಗೇನ ಮಾಡ್ತಾನ್ರಿ, ನನ್ನ ಚಿಂತಿ ನನಗ. ಅವ ಬಂದು ಕುಂತನಂದ್ರ ತಾಸಿಗೊಮ್ಮೆ ಚಾ ಮಾಡಂತಾನ."

ಗೋಡೆಯಾಚೆ

ಸುದ್ದಿ ಹಬ್ಬಿ ಹದಿನೈದು ಹತ್ತಾಯಿತು. ಹೆಡ್‌ಮಾಸ್ತರು ಹಾಜರಿ ನೋಡಿ ಗಣಿತದ ಮಾಸ್ತರರನ್ನು ಮಾತಾಡಿಸುತ್ತಿದ್ದುದು ಕಂಡಿತು. ನಾನು ಹಟ ತೊಟ್ಟು, ತಾಯಂದಿರನ್ನೂ ಅಜ್ಜಿಯರನ್ನೂ ಕರೆದು ಖೋಲಿಯಲ್ಲೇ ಕೂಡಿಸಿದೆ. "ಕಣ್ಣಾರೆ ನೋಡ್ರಿ. ದೆವ್ವ ಇದ್ರ ನಾನೂ ನೋಡ್ತೀನಿ," ಎಂದೆ. ಹಾಳಾದ ಬಾಯಿ ನನ್ನದು.

ಮಕ್ಕಳು ಶುರು ಮಾಡಿದವು. ನಾಲ್ಕು ಚಪ್ಪಾಳೆ. ಐದಕ್ಕೆ ಎಲ್ಲ ಕೈಗಳೂ ಮಕ್ಕಳ ಬಲಕ್ಕಿದ್ದ ಹಿಂದಿನ ಗೋಡೆಯ ಕಡೆ ಹೊರಳಿದವು. ಆ ಮೌನದಲ್ಲಿ, ಗೋಡೆಯೊಳಗಿಂದ, "ಧಡ್!"

ಮಕ್ಕಳು ತಾಳ ಬಿಡಬಾರದೆಂದು ನಾನೇ ಕಲಿಸಿದ್ದೆನಲ್ಲ, ಬಿಡಲಿಲ್ಲ. ಮತ್ತೆ ಐದು ಬಂತು. ಮತ್ತೆ "ಧಡ್!" ಚೂರೂ ಹಿಂದಿಲ್ಲ, ಮುಂದಿಲ್ಲ. ನನ್ನ ಗುರುಗಳಿಗೂ ಅಷ್ಟು ಚೊಕ್ಕ ಲಯ ಇರಲಿಲ್ಲ.

ಹೆಂಗಸರು ಎದ್ದು ಬಾಗಿಲಿಗೆ ಹೋದರು. ಹೊಟ್ಟೆಪಾಡು ದೊಡ್ಡದು ನೋಡಿ, ನಾನು ಸುತ್ತು ಹಾಕಿ ಗೋಡೆಯ ಹಿಂದಕ್ಕೆ ಹೋದೆ. ಅಲ್ಲಿ ತಗಡಿನ ಟ್ರಂಕು ಮಾಡುವ ಚಾಚಾ ಒಬ್ಬರ ಅಂಗಡಿ. ಜೀವಮಾನವೆಲ್ಲ ತಗಡು ಬಡಿದು ಅವರಿಗೆ ಮಾತು ಅಷ್ಟಾಗಿ ಕೇಳಿಸದು, ಪೆಟ್ಟಿನ ಸದ್ದಾದರೆ ಕೇಳಿಸುತ್ತದೆ. ಕೈಯಲ್ಲಿ ಸುತ್ತಿಗೆ ಹಿಡಿದು, ಗೋಡೆಯನ್ನೇ ನೋಡುತ್ತ ಕೂತಿದ್ದರು. ರಟ್ಟೆಗೆ ಹೊಸ ತಾಯತ.

"ಚಾಚಾ, ಬಡಿದಾವ್ರು ನೀವೇನ್ರಿ?" ಎಂದು ಕೂಗಿದೆ.

ಅವರು ಬಾಯಿಗೆ ಬೆರಳಿಟ್ಟರು. "ಸಣ್ಣಗ ಮಾತಾಡ್ರಿ ಬಾಯಾರ. ಆ ಖೋಲಿ ಕಿಟಕಿ ತಗದದ್ದ ನಾ ನೋಡಿಲ್ಲ. ಒಳಗ ಏನೋ ಸೇರಕೊಂಡೈತಿ. ಎಂಟ ದಿನದಿಂದ ಬಡೀತೈತಿ, ನಡುವ ಗಪ್ ಆಗತೈತಿ. ಇವತ್ತ ಧೈರ್ಯ ಮಾಡಿ, ಅದು ಗಪ್ ಆದಾಗೆಲ್ಲಾ ನಾನೂ ಒಂದು ಹಾಕಿದೆ. ಅಂಜಿಲ್ಲಂತ ಅದಕ್ಕೂ ಗೊತ್ತಾಗ್ಲಿ!"

ಏನೂ ಇಲ್ಲದ ದಿನ

ವಿಷಯ ತಿಳಿದು ಎಲ್ಲರೂ ನಕ್ಕರು. ಆದರೆ ಅಜ್ಜಿ ಒಂದು ಕರಾರು ಹಾಕಿದಳು. ಕೈ ಬೀಸಿ ಕರೆದ ಮೇಲೆ ಆ ಕಡೆ ಯಾರಾದರೂ ಗೊತ್ತಿದ್ದವರು ಇರಬೇಕು. ಚಾಚಾ ದಿನಾ ಐದಕ್ಕೆ ಒಂದು ಹಾಕಿದರೆ ಮಕ್ಕಳನ್ನು ಕಳಿಸುತ್ತೇವೆ. ಚಾಚಾ ಖುಷಿಯಿಂದ ಒಪ್ಪಿದರು. ಮಕ್ಕಳು ಇಪ್ಪತ್ನಾಲ್ಕೂ ತಿರುಗಿ ಬಂದವು. ಐದಕ್ಕೆ "ಧಡ್" ಅಂದರೆ ಮಕ್ಕಳ ಮುಖ ಅರಳುತ್ತಿತ್ತು.

ದೀಪಾವಳಿ ರಜೆಯ ಹಿಂದಿನ ದಿನ ಹೆಡ್‌ಮಾಸ್ತರು ತಪಾಸಣೆಯ ವಹಿ ಹಿಡಿದು ಬಂದು ಹಿಂದಿನ ಗೋಡೆಯ ಮುಂದೆ ಕೂತರು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಆ ಅರ್ಧ ತಾಸಿನಲ್ಲಿ ತೀರ್ಮಾನ.

ಒಂದು, ಎರಡು, ಮೂರು, ನಾಲ್ಕು. ಕೈಗಳು ಹೊರಳಿದವು.

ಏನೂ ಬರಲಿಲ್ಲ.

ಚಪ್ಪಾಳೆ ತಪ್ಪಲಿಲ್ಲ, ಆದರೆ ಮಕ್ಕಳ ಕಣ್ಣು ಗೋಡೆಗೆ ನೆಟ್ಟವು. ಮತ್ತೆ ಐದು. ಏನೂ ಇಲ್ಲ. ಅಷ್ಟು ದಿನ ತುಂಬಿದ್ದ ಜಾಗದಲ್ಲಿ ಒಂದು ದೊಡ್ಡ ತೂತು ಬಿದ್ದ ಹಾಗಿತ್ತು. ಖರೇ ಹೇಳುತ್ತೇನೆ, ಖಾಲಿ ಅಂದರೆ ಏನೆಂದು ನನಗೂ ಅಂದೇ ತಿಳಿದದ್ದು. ಮೂರನೇ ಸಲಕ್ಕೆ ಚಪ್ಪಾಳೆ ತಾನಾಗಿ ನಿಂತಿತು. ಇಪ್ಪತ್ನಾಲ್ಕು ಅಂಗೈಗಳು ಹೆಡ್‌ಮಾಸ್ತರರ ಕಡೆ ಚಾಚಿಕೊಂಡೇ ಉಳಿದವು.

ಆಗ ಅಜ್ಜಿಯ ಮೊಮ್ಮಗಳು ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾರ, ಚಾಚಾ ಮಗಳ ಮನಿಗಂತ ಗಜೇಂದ್ರಗಡಕ್ಕ ಹೋಗ್ಯಾರ. ಮತ್ತ ಸರ್ ಹಿಂದ ಸುಮ್ನ ನಿಂತಾವ್ರು ಯಾರ್ರಿ?"

ಮೊದಲು ಹೊರಗೆ ಹೋದವರು ಹೆಡ್‌ಮಾಸ್ತರು. ಆಮೇಲೆ ಮಕ್ಕಳು. ಮಕ್ಕಳನ್ನು ಕಾಯಬೇಕಾದವಳು ನಾನು, ಅದಕ್ಕೆ ಮಕ್ಕಳಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೆ.

ಅಂಗಳದಲ್ಲಿ ಹೆಡ್‌ಮಾಸ್ತರು ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಬಹಳ ಹೊತ್ತು ನಿಂತರು. ತರಗತಿ ಬಂದ್ ಮಾಡಬೇಕೆಂದರೆ ವಹಿಯಲ್ಲಿ ಕಾರಣ ಬರೆಯಬೇಕು. ಏನೂ ಸದ್ದಾಗಲಿಲ್ಲವೆಂದು ಓಡಿದೆ ಅಂತ ಯಾವ ಹೆಡ್‌ಮಾಸ್ತರು ಬರೆದಾರು? ಕಡೆಗೆ ಪೆನ್ನು ತೆಗೆದು ಎರಡು ಸಾಲು ಗೀಚಿ, ವಹಿ ನನ್ನ ಕೈಗಿಟ್ಟು ಕಚೇರಿ ಸೇರಿದರು.

ನಾನು ಓದಿದೆ: "ತಾಳ ತರಗತಿ ತೃಪ್ತಿಕರವಾಗಿದೆ, ಮುಂದುವರಿಸುವುದು. ಐದನ್ನು ಬಿಟ್ಟು ಎಣಿಸುವುದು."